ಗೊಂಬೆ ಮೆಟ್ಟಿಲ ಮೇಲೆ ರೋಮ್ ಸೈನ್ಯ



ಕಳೆದ ನವರಾತ್ರಿಗೆ ನಮ್ಮ ಮನೆಗೆ ಗೊಂಬೆ ನೋಡಲು ಬಂದವರೆಲ್ಲ ಹೆಚ್ಚುಕಮ್ಮಿ ಒಂದೇ ಪ್ರಶ್ನೆ ಕೇಳಿದರು. "ಮೂರನೇ ಮೆಟ್ಟಿಲಿನಲ್ಲಿ ನಿಂತಿರೋರು ಯಾರು?" ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆ, ಅದರ ಕೆಳಗೆ ದಶಾವತಾರ, ಅದರ ಕೆಳಗೆ ಹೆಬ್ಬೆರಳಿನ ಅರ್ಧದಷ್ಟು ಎತ್ತರದ 24 ಜನ ರೋಮನ್ ಸಿಪಾಯಿಗಳು! ಕೆಂಪು ಅಂಗಿ, ಬೆಳ್ಳಿ ಬಣ್ಣದ ಕವಚ, ಬಾಗಿದ ದೊಡ್ಡ ಗುರಾಣಿ. ಒಬ್ಬನಿಗೆ ಒಂದೇ ಕಣ್ಣು. ಅವನ ವಿಷಯ ಆಮೇಲೆ ಹೇಳುತ್ತೇನೆ.

ಕೆಲವರು ನಕ್ಕರು. ಕೆಲವರು ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಂಡರು. ಒಬ್ಬ ಹಿರಿಯರು ಮಾತ್ರ ಕಾಫಿ ಲೋಟ ಕೆಳಗಿಟ್ಟು, "ಏನಪ್ಪಾ, ನಮ್ಮ ಸಂಸ್ಕೃತಿ ಉಳಿಸೋಕೆ ಅಂತ ಮಸ್ಕತ್‌ನಲ್ಲೂ ಗೊಂಬೆ ಕೂರಿಸ್ತೀರಿ. ಅದರ ಮೇಲೆ ರೋಮ್‌ನವರನ್ನ ನಿಲ್ಲಿಸ್ತೀರಲ್ಲ?" ಅಂದರು. ಆಗ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಒಳ್ಳೆ ಉತ್ತರಗಳು ಯಾವಾಗಲೂ ಅತಿಥಿಗಳು ಲಿಫ್ಟ್ ಹತ್ತಿದ ಮೇಲೆಯೇ ಹೊಳೆಯುವುದು. ಅದಕ್ಕೇ ಈ ಲೇಖನ.

ಮೊದಲು ನಮ್ಮಮ್ಮನ ಮಾತು. ವಿಡಿಯೊ ಕರೆಯಲ್ಲಿ ಇದೇ ಪ್ರಶ್ನೆಯನ್ನು ಅವರ ಮುಂದಿಟ್ಟೆ. "ಗೊಂಬೆ ಅಂದ್ಮೇಲೆ ಎಲ್ಲಾ ಗೊಂಬೆನೇ ಕಣೋ. ನೀನು ಚಿಕ್ಕವನಿದ್ದಾಗ ಕೆಳಗಿನ ಮೆಟ್ಟಿಲಲ್ಲಿ ಕೆಂಪು ಕೋಟಿನ ಬ್ಯಾಂಡ್ ಸೆಟ್ ಇಡ್ತಿದ್ವಲ್ಲ, ಅವರೇನು ನಮ್ಮ ನೆಂಟರಾ?" ಅಂದರು. ನಿಜ. ಮೈಸೂರು ಕಡೆ ಗೊಂಬೆ ಕೂರಿಸುವವರ ಮನೆಗಳಲ್ಲಿ ಮಣ್ಣಿನ ಪೊಲೀಸರು, ಬಂದೂಕು ಹಿಡಿದ ಸಿಪಾಯಿಗಳು, ಶೆಟ್ಟರ ಅಂಗಡಿ, ಕ್ರಿಕೆಟ್ ಟೀಮು, ಪಕ್ಕದಲ್ಲಿ ರಾಗಿ ಮೊಳಕೆ ಬರಿಸಿ ಮಾಡಿದ ಪಾರ್ಕು ಎಲ್ಲ ಇರುತ್ತಿದ್ದವು. ಜಂಬೂ ಸವಾರಿ ಅಂದರೆ ಏನು? ಆನೆ, ಕುದುರೆ, ಕಾಲಾಳು, ವಾದ್ಯದವರು. ಅದೂ ಒಂದು ಸೈನ್ಯದ ಮೆರವಣಿಗೆಯೇ. ಮೈಸೂರು ಅರಮನೆಗೆ ಹೋದವರು ಮೊದಲು ಕಾಲಿಡುವ ಜಾಗದ ಹೆಸರೇ ಗೊಂಬೆ ತೊಟ್ಟಿ. ಸಣ್ಣ ಸೈನ್ಯವನ್ನು ಸಾಲಾಗಿ ನಿಲ್ಲಿಸಿ ನೋಡುವ ಆಸೆ ನಮ್ಮ ಮಗನಿಗೆ ಇಂಟರ್ನೆಟ್‌ನಿಂದ ಬಂದಿರಬಹುದು, ಆದರೆ ಅದು ನಮಗೆ ಹೊಸದಲ್ಲ.

ಈಗ ಈ ಹವ್ಯಾಸ ಏನು ಅಂತ ಹೇಳಬೇಕು. ಡಬ್ಬಿಯಲ್ಲಿ ಬರುವುದು ಸಿಪಾಯಿಗಳಲ್ಲ, ಬೂದು ಬಣ್ಣದ ಪ್ಲಾಸ್ಟಿಕ್ ಚೌಕಟ್ಟು. ಅದರಲ್ಲಿ ಕೈ, ತಲೆ, ಗುರಾಣಿ ಎಲ್ಲ ಬೇರೆ ಬೇರೆಯಾಗಿ ಅಂಟಿಕೊಂಡಿರುತ್ತವೆ. ಕತ್ತರಿಸಬೇಕು, ಉಜ್ಜಬೇಕು, ಅಂಟಿಸಬೇಕು. ಒಬ್ಬೊಬ್ಬನ ಎತ್ತರ ಸುಮಾರು 28 ಮಿಲಿಮೀಟರ್, ಅಂದರೆ ನಿಜವಾದ ಮನುಷ್ಯನ ಸುಮಾರು ಅರವತ್ತನೇ ಒಂದು ಪಾಲು. ಆಮೇಲೆ ತಳಬಣ್ಣ, ಅದರ ಮೇಲೆ ಅಂಗಿ, ಚರ್ಮ, ಲೋಹದ ಬಣ್ಣ. ನಂತರ ತೆಳ್ಳನೆಯ ಕಪ್ಪು-ಕಂದು ನೀರುಬಣ್ಣ ಹರಿಸಿದರೆ ಅದು ಸಂದುಗಳಲ್ಲಿ ಇಳಿದು ನೆರಳಿನ ಹಾಗೆ ಕೂರುತ್ತದೆ. ಕೊನೆಗೆ ಒಣಗಿದ ಬ್ರಷ್‌ನಿಂದ ಉಬ್ಬಿದ ಕಡೆ ಮಾತ್ರ ತಿಳಿಬಣ್ಣ ಸವರಬೇಕು. ಕಣ್ಣು ಬರೆಯುವುದು ಎಲ್ಲಕ್ಕಿಂತ ಕಷ್ಟ. ಉಸಿರು ಬಿಟ್ಟರೂ ಕೈ ಅಲ್ಲಾಡುತ್ತದೆ.

ಒಮಾನ್‌ನಲ್ಲಿ ಇದಕ್ಕೆ ಇನ್ನೊಂದು ತೊಂದರೆ. ಜೂನ್ ತಿಂಗಳಲ್ಲಿ ಬಾಲ್ಕನಿಯಲ್ಲಿ ನಿಂತು ತಳಬಣ್ಣದ ಸ್ಪ್ರೇ ಹೊಡೆದರೆ, ಬಣ್ಣ ಗೊಂಬೆಗೆ ತಾಗುವ ಮೊದಲೇ ಗಾಳಿಯಲ್ಲಿ ಅರ್ಧ ಒಣಗಿ ರವೆಯ ಹಾಗೆ ಕೂರುತ್ತದೆ. ನಮ್ಮ ಮೊದಲ ಆರು ಸಿಪಾಯಿಗಳು ಚಿರೋಟಿ ರವೆಯಲ್ಲಿ ಹೊರಳಿ ಎದ್ದವರ ಹಾಗೆ ಇದ್ದರು. ಈಗ ಬೆಳಗಿನ ಜಾವ ಎದ್ದು ಹೊಡೆಯುತ್ತೇವೆ. ಸ್ಕೂಲಿಗೆ ಏಳಲು ಅರ್ಧ ಗಂಟೆ ಗೋಳಾಡುವ ಹುಡುಗ ಇದಕ್ಕೆ ತಾನೇ ಅಲಾರಂ ಇಟ್ಟುಕೊಳ್ಳುತ್ತಾನೆ.

ಇದನ್ನೆಲ್ಲ ಮಾಡುವಾಗ ನನಗೆ ಕೊಪ್ಪಳ ಜಿಲ್ಲೆಯ ಕಿನ್ನಾಳ ನೆನಪಾಗುತ್ತದೆ. ಅಲ್ಲಿನ ಚಿತ್ರಗಾರರು ಹಗುರ ಮರದಲ್ಲಿ ಕೈಕಾಲುಗಳನ್ನು ಬೇರೆ ಬೇರೆ ಕೆತ್ತಿ ಜೋಡಿಸುತ್ತಾರೆ. ಹುಣಸೆ ಬೀಜದ ಅಂಟಿಗೆ ಮರದ ಹೊಟ್ಟು ಸೇರಿಸಿ ಸಂದು ಮುಚ್ಚುತ್ತಾರೆ, ಮೇಲೆ ಕಲ್ಲಿನ ಪುಡಿಯ ಲೇಪ, ಅದರ ಮೇಲೆ ಬಣ್ಣ. ಕ್ರಮ ಅದೇ ನೋಡಿ: ಜೋಡಣೆ, ತಳ, ಬಣ್ಣ, ಕೊನೆಗೆ ಕಣ್ಣು. ಮಗನಿಗೆ ಕಿನ್ನಾಳದ ವಿಡಿಯೊ ತೋರಿಸಿದಾಗ "ಅಪ್ಪ, ಅವರೂ ಪ್ರೈಮರ್ ಹಾಕ್ತಾರೆ!" ಅಂತ ಕೂಗಿದ. ಕಿನ್ನಾಳ ಎಲ್ಲಿದೆ ಅಂತ ನಕ್ಷೆಯಲ್ಲಿ ಹುಡುಕಿದ್ದೂ ಅವನೇ. ಭೂಗೋಳದ ಪಾಠದಲ್ಲಿ ನಾನು ಎರಡು ಸಲ ಪ್ರಯತ್ನಿಸಿ ಸೋತಿದ್ದ ಕೆಲಸ ಅದು.

ಬಣ್ಣ ಹಚ್ಚುವುದು ಅರ್ಧ, ಆಡುವುದು ಇನ್ನರ್ಧ. ಚದುರಂಗವನ್ನು ಕೊಟ್ಟ ನಾಡಿನವರಿಗೆ ಮೇಜಿನ ಮೇಲಿನ ಯುದ್ಧ ಅಂದರೇನು ಅಂತ ವಿವರಿಸಬೇಕಿಲ್ಲ. ರಥ, ಆನೆ, ಕುದುರೆ, ಕಾಲಾಳು ಎಂಬ ನಾಲ್ಕು ಅಂಗಗಳ ಸೈನ್ಯವೇ ಚತುರಂಗ. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆಯನ್ನು ಒಂದು ಮನೆಯನ್ನೂ ಎರಡು ಸಲ ಮುಟ್ಟದೆ 64 ಮನೆ ಸುತ್ತಿಸುವ ಸಮಸ್ಯೆಯನ್ನು ಬಿಡಿಸುವುದರಲ್ಲಿ ನಿಪುಣರು. ಇಂದಿಗೂ ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಗಳಿಗೆ ಇದೇ ಲೆಕ್ಕ ಕೊಡುತ್ತಾರೆ. ನನಗೂ ಕೊಟ್ಟಿದ್ದರು. ಮಹಾರಾಜರು ನನಗಿಂತ ಬೇಗ ಮಾಡಿರಬೇಕು.

ನಾವು ಆಡುವ ನಿಯಮಗಳು 1990ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಒಂದು ಸಣ್ಣ ಪುಸ್ತಕದ್ದು. ಒಂದು ಸೈನ್ಯಕ್ಕೆ 12 ತುಕಡಿ, ಅಷ್ಟೇ. ಪ್ರತಿ ಸರದಿಯಲ್ಲಿ ದಾಳ ಎಸೆದು ಎಷ್ಟು ಬಂತೋ ಅಷ್ಟು ಗುಂಪುಗಳನ್ನು ಮಾತ್ರ ನಡೆಸಬಹುದು. ಆರು ಬಿದ್ದರೆ ನೀವು ಸೀಸರ್. ಒಂದು ಬಿದ್ದರೆ ನಿಮ್ಮ ಆಜ್ಞೆ ಯಾರಿಗೂ ಕೇಳಿಸಲೇ ಇಲ್ಲ ಅಂತ ಅರ್ಥ. ಎದುರು ಬದುರಾದಾಗ ಇಬ್ಬರೂ ದಾಳ ಎಸೆದು, ತಮ್ಮ ತುಕಡಿಯ ಬಲ ಸೇರಿಸಿ, ಹೆಚ್ಚು ಬಂದವರು ಗೆದ್ದರು. ನಾಲ್ಕು ತುಕಡಿ ಕಳೆದುಕೊಂಡವರು ಸೋತರು. ಒಂದು ಗಂಟೆಯ ಆಟ. ಚೌಕಾಬಾರ ಆಡಲು ಬಂದವರಿಗೆ ಇದೂ ಬರುತ್ತದೆ.

ಮಕ್ಕಳೇ, ನಾವು ಆಡಿದ ಆಟಗಳಲ್ಲಿ ನನಗೆ ತುಂಬ ಇಷ್ಟವಾದದ್ದನ್ನು ಹೇಳುತ್ತೇನೆ. ರೋಮನ್ನರು ಈ ನಮ್ಮ ಕಡೆಗೂ ಬರಲು ಹೊರಟಿದ್ದರು ಗೊತ್ತಾ? ಕ್ರಿ.ಪೂ. 25ರ ಸುಮಾರಿಗೆ ಚಕ್ರವರ್ತಿ ಆಗಸ್ಟಸ್ ತನ್ನ ಈಜಿಪ್ಟಿನ ಅಧಿಕಾರಿ ಏಲಿಯಸ್ ಗ್ಯಾಲಸ್‌ನನ್ನು ಅರೇಬಿಯಾದ ದಕ್ಷಿಣಕ್ಕೆ ಕಳಿಸಿದ. ಆಸೆ ಏನಕ್ಕೆ? ಇಲ್ಲಿನ ಸುಗಂಧದ ಸಂಪತ್ತಿಗೆ. ನಾವು ಸಲಾಲಾಕ್ಕೆ ಖರೀಫ್ ನೋಡಲು ಹೋದಾಗ ಪೊಟ್ಟಣ ಕಟ್ಟಿಸಿಕೊಂಡು ಬರುತ್ತೇವಲ್ಲ, ಲುಬಾನ್, ಆ ಧೂಪದಂಥವಕ್ಕೆ! ಗ್ಯಾಲಸ್‌ನ ಗೆಳೆಯನಾಗಿದ್ದ ಸ್ಟ್ರಾಬೊ ಎಂಬ ಗ್ರೀಕ್ ಲೇಖಕ ಈ ಕಥೆಯನ್ನು ಬರೆದಿಟ್ಟಿದ್ದಾನೆ. ಸುಮಾರು 10,000 ಜನರ ಸೈನ್ಯ. ಮೊದಲು 80 ಯುದ್ಧದ ಹಡಗು ಕಟ್ಟಿಸಿದ. ಎದುರಾಳಿಗಳಿಗೆ ಯುದ್ಧದ ಹಡಗೇ ಇಲ್ಲ ಅಂತ ಗೊತ್ತಾದ ಮೇಲೆ 130 ಸಾಗಣೆ ಹಡಗು ಕಟ್ಟಿಸಿದ. (ಕೆಲಸ ಶುರು ಮಾಡುವ ಮೊದಲು ಏನು ಬೇಕು ಅಂತ ಕೇಳಿಕೊಳ್ಳದ ಪ್ರಾಜೆಕ್ಟ್ ಮ್ಯಾನೇಜರುಗಳು ಆಗಲೂ ಇದ್ದರು.) ಮರಳುಗಾಡಿನಲ್ಲಿ ಆರು ತಿಂಗಳು ನಡೆದರು. ಇಂದಿನ ಯೆಮನ್‌ನಲ್ಲಿ ಒಂದು ಪಟ್ಟಣವನ್ನು ಆರು ದಿನ ಮುತ್ತಿ, ಕುಡಿಯಲು ನೀರಿಲ್ಲದೆ ವಾಪಸು ಹೊರಟರು. ಸುಗಂಧದ ನಾಡು ಇನ್ನು ಎರಡೇ ದಿನದ ದಾರಿ ಅಂತ ಸೆರೆಯಾಳುಗಳು ಹೇಳಿದ್ದರಂತೆ. ಹಿಂದಿರುಗಲು ಹಿಡಿದದ್ದು 60 ದಿನ ಮಾತ್ರ. ಇಷ್ಟರಲ್ಲಿ ಯುದ್ಧದಲ್ಲಿ ಸತ್ತ ರೋಮನ್ನರು ಎಷ್ಟು ಜನ? ಸ್ಟ್ರಾಬೊ ಪ್ರಕಾರ ಏಳು. ಬೇರೆಯವರನ್ನೆಲ್ಲ ಕೊಂದದ್ದು ರೋಗ, ಹಸಿವು, ದಣಿವು, ದಾರಿಯ ಕಷ್ಟ.

ಇದನ್ನು ಆಟ ಮಾಡುವುದು ಹೇಗೆ? ಮಗ ಒಂದು ಉಪಾಯ ಮಾಡಿದ. ಊಟದ ಮೇಜಿನ ಮೇಲೆ ಅಜೈಬಾ ಕಡಲ ತೀರದ ಮರಳು. ರೋಮ್ ಸೈನ್ಯಕ್ಕೆ ಶತ್ರುವೇ ಇಲ್ಲ. ಒಂದೊಂದು ಹೆಜ್ಜೆಗೂ ದಾಳ ಎಸೆಯಬೇಕು. ಒಂದು ಅಥವಾ ಎರಡು ಬಿದ್ದರೆ ಒಬ್ಬ ಸಿಪಾಯಿಯನ್ನು ತೆಗೆಯಬೇಕು. 24 ಜನ ಹೊರಟರು. ಮೇಜಿನ ಆ ತುದಿ ಮುಟ್ಟುವಾಗ ಉಳಿದದ್ದು ಒಂಬತ್ತು. "ಅಪ್ಪ, ಇವರನ್ನ ಸೋಲಿಸಿದ್ದು ಬೇಸಿಗೆ" ಅಂದ. ಆಗಸ್ಟ್ ತಿಂಗಳಲ್ಲಿ ಕಾರಿನ ಸ್ಟಿಯರಿಂಗ್ ಮುಟ್ಟಿ ಕೈ ಸುಟ್ಟುಕೊಳ್ಳುವ ನಮಗೆ ಇದನ್ನು ಯಾವ ಪುಸ್ತಕವೂ ಹೇಳಿಕೊಡಬೇಕಿಲ್ಲ.

ಸೈನ್ಯ ಬರಲಾಗದ ಕಡೆಗೆ ವ್ಯಾಪಾರ ಬಂತು. ಧೋಫಾರಿನ ಖೋರ್ ರೋರಿಯಲ್ಲಿ ಸುಮ್‌ಹುರಮ್ ಎಂಬ ಹಳೆಯ ಬಂದರಿನ ಅವಶೇಷ ಇದೆ. 2000ದಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಧೂಪದ ನಾಡಿನ ತಾಣಗಳಲ್ಲಿ ಅದೂ ಒಂದು. ಅಲ್ಲಿ ಅಗೆದಾಗ ಭಾರತದ ಒಂದು ಸಣ್ಣ ಕಂಚಿನ ಹೆಣ್ಣು ಬೊಂಬೆ ಸಿಕ್ಕಿತು. ಅತ್ತ ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಆಗಸ್ಟಸ್ ಮತ್ತು ಟೈಬೀರಿಯಸ್ ಕಾಲದ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಮಾರ್ಟಿಮರ್ ವೀಲರ್ 1947ರಲ್ಲಿ ಅಗೆತ ನಡೆಸಿದ ಜಾಗ ಅದು. ಆ ಕಾಲದಲ್ಲಿ ಒಬ್ಬ ರೋಮನ್ ಸಿಪಾಯಿಯ ಸಂಬಳ ವರ್ಷಕ್ಕೆ ಅಂಥ 225 ನಾಣ್ಯ. ನಮ್ಮ ಮೂರನೇ ಮೆಟ್ಟಿಲಿನ ಸಿಪಾಯಿಗಳ ಸಂಬಳದಂಥದೇ ನಾಣ್ಯ ಚಿತ್ರದುರ್ಗಕ್ಕೂ, ನಮ್ಮ ಕಡೆಯ ಗೊಂಬೆ ಒಮಾನಿಗೂ ಆಗಲೇ ಬಂದಿದ್ದವು. ಲಿಫ್ಟ್ ಹತ್ತಿ ಹೋದ ಆ ಹಿರಿಯರಿಗೆ ನಾನು ಕೊಡಬೇಕಾಗಿದ್ದ ಉತ್ತರ ಇದು.

ಇಷ್ಟಕ್ಕೇ ಮುಗಿಸಿದರೆ ಅದು ಮಾರಾಟಗಾರನ ಮಾತಾಗುತ್ತದೆ. ಇದರ ವಿರುದ್ಧ ನಮ್ಮ ಪೋಷಕರೇ ಹೇಳಿದ ಎರಡು ಮಾತು ನ್ಯಾಯವಾದವು. ಒಂದು, ದುಡ್ಡು. ಡಬ್ಬಿ ಕೊಳ್ಳುವುದು ಸುಲಭ, ಬಣ್ಣ ಹಚ್ಚುವುದು ನಿಧಾನ. ಹಾಗಾಗಿ ಬಿಚ್ಚದ ಡಬ್ಬಿಗಳು ಬೀರುವಿನ ಮೇಲೆ ಬೆಳೆಯುತ್ತವೆ. ನಮ್ಮಲ್ಲೂ ಬೆಳೆದವು, ಮತ್ತು ಕೊಂಡದ್ದು ಮಗ ಅಲ್ಲ, ನಾನು. ಈಗ ಹೆಂಡತಿ ಒಂದು ಕಾನೂನು ಮಾಡಿದ್ದಾಳೆ: ಇರುವವರಿಗೆ ಅಂಗಿ ತೊಡಿಸದೆ ಹೊಸಬರು ಮನೆಗೆ ಬರಕೂಡದು. ಒಳ್ಳೆ ಕಾನೂನು.

ಎರಡನೆಯದು ಇನ್ನೂ ಭಾರವಾದದ್ದು. ತರಗತಿಯಲ್ಲಿ ಒಬ್ಬ ತಾಯಿ ಕೇಳಿದರು, "ಮಕ್ಕಳಿಗೆ ಯುದ್ಧದ ಆಟ ಯಾಕೆ ಬೇಕು ಸರ್? ದಿನಾ ಟಿವಿಯಲ್ಲಿ ನೋಡೋದು ಸಾಲದಾ?" ಎಚ್. ಜಿ. ವೆಲ್ಸ್ 1913ರಲ್ಲಿ ಗೊಂಬೆ ಸಿಪಾಯಿಗಳ ಯುದ್ಧದಾಟದ ಬಗ್ಗೆ ಒಂದು ಪುಸ್ತಕ ಬರೆದು, ನಿಜವಾದ ಯುದ್ಧಕ್ಕಿಂತ ಇದು ಎಷ್ಟೋ ವಾಸಿ ಅಂತ ವಾದಿಸಿದ್ದ. ಮರುವರ್ಷವೇ ಮೊದಲ ಮಹಾಯುದ್ಧ ಶುರುವಾಯಿತು. ಗೊಂಬೆ ಸಿಪಾಯಿಗಳು ಅದನ್ನು ತಡೆಯಲಿಲ್ಲ, ತರಲೂ ಇಲ್ಲ. ಆದ್ದರಿಂದ ಈ ಆಟ ಶಾಂತಿ ಕಲಿಸುತ್ತದೆ ಅಂತ ನಾನು ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಎರಡು ಕಟ್ಟುಪಾಡು ಇವೆ. ಇವತ್ತು ಬದುಕಿರುವವರು ಕಂಡ ಯಾವ ಯುದ್ಧವೂ ನಮ್ಮ ಮೇಜಿನ ಮೇಲೆ ಬರುವುದಿಲ್ಲ. ಮತ್ತೆ, ರೋಮ್ ಸೈನ್ಯದ ಶಿಸ್ತು ಹೇಳುವಾಗ, ಅದು ಗೆದ್ದ ಊರುಗಳ ಜನರನ್ನು ಗುಲಾಮರನ್ನಾಗಿ ಮಾರುತ್ತಿತ್ತು ಎಂಬುದನ್ನೂ ಹೇಳುತ್ತೇವೆ. ಮಗ ಅದಾದ ಮೇಲೆ ಒಂದು ವಾರ ರೋಮ್ ಕಡೆ ಆಡಲಿಲ್ಲ. ಆಮೇಲೆ ಆಡಿದ. ಆ ತಾಯಿಗೆ ಇದು ಪೂರ್ತಿ ಒಪ್ಪಿಗೆ ಆಗಿಲ್ಲ, ಆಗಬೇಕೆಂದೂ ಇಲ್ಲ.

ನನ್ನ ಕೋರಿಕೆ ಇದು. ಮುಂದಿನ ವರ್ಷದ ನವರಾತ್ರಿಗೆ ನಮ್ಮ ಶಾಲೆಯ ಮಕ್ಕಳೇ 12 ತುಕಡಿಯ ಒಂದು ಹಂಪಿ ಸೈನ್ಯ ಮಾಡಲಿ. ಡಬ್ಬಿ ಬೇಡ, ಮಣ್ಣು, ಕಾಗದ, ಬಟ್ಟೆ ಕ್ಲಿಪ್ಪು ಸಾಕು. ಮಾದರಿಗೆ ಹಜಾರರಾಮ ದೇವಸ್ಥಾನದ ಹೊರಗೋಡೆ ಇದೆ. ಸಾಲು ಸಾಲು ಆನೆ, ಕುದುರೆ, ಕಾಲಾಳು, ಕುಣಿಯುವವರು. ಮಹಾನವಮಿ ದಿಬ್ಬ ಇದೆ. ಆ ಒಂಬತ್ತು ದಿನದ ಉತ್ಸವವನ್ನೂ ಸೈನ್ಯದ ಮೆರವಣಿಗೆಯನ್ನೂ 1520ರ ಸುಮಾರಿಗೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬರೆದಿಟ್ಟ ವಿವರ ಇದೆ. ಕುದುರೆ ಮಾಡುವ ತಂಡವನ್ನು ನಾನು ಕಲ್ಹಾತ್‌ಗೆ ಕರೆದುಕೊಂಡು ಹೋಗುತ್ತೇನೆ. ಸೂರ್ ದಾರಿಯಲ್ಲಿ ಬೀಬಿ ಮರಿಯಮ್ ಸಮಾಧಿ ಒಂಟಿಯಾಗಿ ನಿಂತಿರುವ ಜಾಗ. ಅಲ್ಲಿಂದ ಭಾರತಕ್ಕೆ ಕುದುರೆಗಳು ಹಡಗೇರುತ್ತಿದ್ದವು ಅಂತ ಮಾರ್ಕೊ ಪೋಲೊ ಬರೆದಿದ್ದಾನೆ. ದಕ್ಷಿಣದ ರಾಜರು ಅರಬ್ಬೀ ಕುದುರೆಗಳಿಗಾಗಿ ಹೊನ್ನು ಸುರಿಯುತ್ತಿದ್ದರು. ನಾವು ಏರ್ ಬಸ್‌ನಲ್ಲಿ ಬಂದ ದಾರಿಯಲ್ಲಿ ಅವು ಎದುರು ದಿಕ್ಕಿನಲ್ಲಿ ಹೋಗಿದ್ದವು.

ಒಂದೇ ಷರತ್ತು: ದೊಡ್ಡವರು ಬ್ರಷ್ ಮುಟ್ಟಕೂಡದು. ಈ ಷರತ್ತು ಹಾಕುವ ಯೋಗ್ಯತೆ ನನಗಿಲ್ಲ, ಅದಕ್ಕೇ ಹಾಕುತ್ತಿದ್ದೇನೆ.

ಮಗ ಮೊದಲು ಒಂಬತ್ತು ಸಿಪಾಯಿಗಳಿಗೆ ಬಣ್ಣ ಹಚ್ಚಿದ್ದ. ಒಬ್ಬನ ಅಂಗಿ ನೇರಳೆ, ಒಬ್ಬನ ಮುಖ ಗುರಾಣಿಯಷ್ಟೇ ಕೆಂಪು. ಅವನು ಮಲಗಿದ ಮೇಲೆ, ಒಂದು ಗುರುವಾರ ರಾತ್ರಿ, ಐದು ಜನರನ್ನು ನಾನು "ಸ್ವಲ್ಪ ಸರಿ ಮಾಡೋಣ" ಅಂತ ಕೂತೆ. ಕಚೇರಿಯಲ್ಲಿ ಬೇರೆಯವರ ಕೋಡ್ ತಿದ್ದುವ ಚಟ ಅದು. ರಾತ್ರಿ ಎರಡು ಗಂಟೆಗೆ ಐವರೂ ಡಬ್ಬಿಯ ಮೇಲಿನ ಚಿತ್ರದ ಹಾಗೆ ಹೊಳೆಯುತ್ತಿದ್ದರು. ಬೆಳಿಗ್ಗೆ ಅವನು ನೋಡಿದ. ಅಳಲಿಲ್ಲ. "ಅಪ್ಪ, ಇವರು ನನ್ನೋರಲ್ಲ" ಅಂದು ಹಲ್ಲುಜ್ಜಲು ಹೋದ. ನಾಲ್ಕು ತಿಂಗಳು ಬ್ರಷ್ ಹಿಡಿಯಲಿಲ್ಲ. ಅಷ್ಟಕ್ಕೂ ನಾನು 'ಸರಿ' ಮಾಡಿದ್ದು ಯಾವ ಲೆಕ್ಕದಲ್ಲಿ? ರೋಮನ್ನರ ಅಂಗಿಯ ಬಣ್ಣದ ಬಗ್ಗೆ ವಿದ್ವಾಂಸರಲ್ಲೇ ಚರ್ಚೆ ಇದೆ. ಅವರ ಬಾಗಿದ ದೊಡ್ಡ ಗುರಾಣಿಗಳಲ್ಲಿ ಬಣ್ಣದ ಸಮೇತ ಹೆಚ್ಚುಕಮ್ಮಿ ಇಡಿಯಾಗಿ ಉಳಿದಿರುವುದು ಸಿರಿಯಾದ ದುರಾ ಯೂರೋಪೋಸ್‌ನಲ್ಲಿ ಸಿಕ್ಕ ಒಂದೇ ಒಂದು.

ಈ ಸಂಚಿಕೆಗೆ ಬಂದ ಲೇಖನಗಳನ್ನು ಟೈಪ್ ಮಾಡುವವನೂ ನಾನೇ ಆದ್ದರಿಂದ ಇದನ್ನು ಹೇಳುತ್ತಿದ್ದೇನೆ. ಹೋದ ವರ್ಷ ಏಳು ವರ್ಷದ ಮಗುವೊಂದರ ಹೆಸರಿನಲ್ಲಿ 'ಅಜ್ಜಿಯ ಮನೆ' ಬಂತು. ಪ್ರಕೃತಿಯ ರಮಣೀಯ ಮಡಿಲು, ಅವಿಸ್ಮರಣೀಯ ಅನುಭೂತಿ, ಎಲ್ಲ ಇತ್ತು. ಹಾಳೆ ತಿರುಗಿಸಿದರೆ ಹಿಂದೆ ಪೆನ್ಸಿಲ್‌ನಲ್ಲಿ, ದೊಡ್ಡ ದೊಡ್ಡ ಅಕ್ಷರದಲ್ಲಿ: "ಅಜಿ ಮನೆಲಿ ಹಸು ನನ್ನ ಚಡಿ ತಿಂತು." ಒತ್ತಕ್ಷರ ಎರಡೂ ಕಡೆ ತಪ್ಪಿತ್ತು. ಇಡೀ ಸಂಚಿಕೆಯಲ್ಲಿ ನನಗೆ ಓದಬೇಕು ಅನ್ನಿಸಿದ ಸಾಲು ಅದೊಂದೇ, ಮತ್ತು ನಾವು ಅಚ್ಚು ಹಾಕಿದ್ದು ಮುಂದಿನ ಪುಟ. ನಾನೂ ಸುಮ್ಮನೆ ಟೈಪ್ ಮಾಡಿದೆ. ಮಕ್ಕಳು ಕನ್ನಡ ಬರೆಯಲು ಹಿಂಜರಿಯುತ್ತಾರೆ ಅಂತ ಪ್ರತಿ ಸಭೆಯಲ್ಲೂ ದೂರುತ್ತೇವೆ. ರಾತ್ರಿ ಎರಡು ಗಂಟೆಗೆ ಅವರ ಸಿಪಾಯಿಗಳಿಗೆ ಬೇರೆ ಬಣ್ಣ ಬಳಿಯುವವರು ನಾವೇ. ಈ ವರ್ಷ ನಾನು ಒತ್ತಕ್ಷರ ತಿದ್ದಿದ್ದೇನೆ, ಹಸುವನ್ನು ಮುಟ್ಟಿಲ್ಲ. ನಿಮ್ಮ ಮಗುವಿನ ಲೇಖನ ಚಿಕ್ಕದಾಗಿ ಕಂಡರೆ ನನ್ನನ್ನು ಬೈಯಿರಿ, ಮಗುವನ್ನಲ್ಲ.

ಒಕ್ಕಣ್ಣನ ವಿಷಯ ಬಾಕಿ ಇತ್ತು. ಆ ನಾಲ್ಕು ತಿಂಗಳ ನಂತರ ಒಂದು ದಿನ ನಮ್ಮಮ್ಮ ವಿಡಿಯೊದಲ್ಲಿ "ಎಲ್ಲಿ ಪುಟ್ಟಾ, ನಿನ್ನ ದಂಡು ತೋರಿಸು" ಅಂದರು. ಅವನು ನಾನು ಮುಟ್ಟದೆ ಬಿಟ್ಟಿದ್ದ ನಾಲ್ಕು ಜನರನ್ನು ಮಾತ್ರ ತಂದ. "ಇವನಿಗೇನೋ ಒಂದೇ ಕಣ್ಣು?" ಅಂದರು ಅಜ್ಜಿ. ನನ್ನ ಜೊತೆ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗ, ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲವಾದ್ದರಿಂದ, ಹತ್ತು ನಿಮಿಷ ಕನ್ನಡದಲ್ಲಿ ಕಥೆ ಹೇಳಿದ. ಮರಳುಗಾಡಿನಲ್ಲಿ ಬಿರುಗಾಳಿ ಬಂತಂತೆ, ಎಲ್ಲರೂ ಕಣ್ಣು ಮುಚ್ಚಿಕೊಂಡರಂತೆ, ಇವನೊಬ್ಬ ದಾರಿ ನೋಡಲಿಕ್ಕೆ ಒಂದು ಕಣ್ಣು ತೆಗೆದೇ ಇಟ್ಟಿದ್ದನಂತೆ, ಅದರೊಳಗೆ ಮರಳು ಹೋಯಿತಂತೆ. "ಹಾಗಾದ್ರೆ ಇವನು ಒಕ್ಕಣ್ಣ" ಅಂತ ಹೆಸರಿಟ್ಟವರು ಅಜ್ಜಿ. ನವರಾತ್ರಿಯಲ್ಲಿ ಮೂರನೇ ಮೆಟ್ಟಿಲಿನ ಮುಂದಿನ ಸಾಲಿನಲ್ಲಿ, ಪಟ್ಟದ ಗೊಂಬೆಯ ನೇರ ಕೆಳಗೆ ನಿಂತಿದ್ದವನು ಅವನೇ.

ನಾನು ತಿದ್ದಿದ ಐದು ಜನರನ್ನು ಹಬ್ಬ ಮುಗಿದ ಮೇಲೆ ಸ್ಪಿರಿಟ್‌ನಲ್ಲಿ ನೆನೆಸಿ, ಹಳೆ ಟೂತ್‌ಬ್ರಷ್‌ನಿಂದ ಇಬ್ಬರೂ ಕೂತು ಉಜ್ಜಿದೆವು. ನನ್ನ ಬಣ್ಣದ ಜೊತೆ ಕೆಳಗಿದ್ದ ಅವನ ಬಣ್ಣವೂ ಹೋಯಿತು. ಅದನ್ನು ಉಳಿಸುವ ದಾರಿ ಇರಲಿಲ್ಲ. ಮೂವರಿಗೆ ಮತ್ತೆ ಅಂಗಿ ಬಂದಿದೆ, ಒಬ್ಬನದು ಈ ಸಲವೂ ನೇರಳೆ. ಇಬ್ಬರು ಇನ್ನೂ ಬೂದು ಬಣ್ಣದಲ್ಲೇ ಮೇಜಿನ ಮೇಲೆ ನಿಂತಿದ್ದಾರೆ. ಯಾವ ಬಣ್ಣ ಅಂತ ಅವನು ಹೇಳಿಲ್ಲ, ನಾನೂ ಕೇಳಿಲ್ಲ.